ಕಣ್ಣು ಮುಚ್ಚಿದರೆ ಮನೆ

ಬೋಡಿಮೆಟ್ಟಿನ ಮೇಲೆ, ಏಲಕ್ಕಿ ತೋಟ
1893 ಅಕ್ಟೋಬರ್ 20, ಐಪ್ಪಸಿ ತಿಂಗಳು

ನನ್ನ ಹೆಂಡತಿ ಅಳಗುವಿಗೆ ಗೋವಿಂದನ್ ಬರೆಯುವುದು.

ನಾನು ಚೆನ್ನಾಗಿದ್ದೇನೆ. ನಮ್ಮವ್ವನಿಗೂ ಹಾಗೇ ಹೇಳು. ಬೋಡಿನಾಯಕನೂರಿನಿಂದ ಮೇಲಕ್ಕೆ ಹತ್ತುವ ದಾರಿ ಕತ್ತೆಗಳ ಮೊಣಕಾಲನ್ನೇ ನಡುಗಿಸುವಂಥದ್ದು, ಆದರೂ ಹತ್ತಿಬಿಟ್ಟೆ. ತೋಟ ಅಂದರೆ ನಮ್ಮ ಹೊಳೆದಂಡೆಯ ತೋಟ ಅಂದುಕೊಳ್ಳಬೇಡ. ಇದು ಕಾಡೇ. ದೊಡ್ಡ ಮರಗಳ ನೆರಳಲ್ಲಿ ಏಲಕ್ಕಿ ಪೊದೆಗಳು. ಕಾಯಿ ಬುಡದಲ್ಲಿ ನೆಲಕ್ಕೆ ಅಂಟಿಕೊಂಡು ಬಿಡುತ್ತದೆ, ಬಗ್ಗಿ ಬಗ್ಗಿ ಬಿಡಿಸಬೇಕು. ಜಿಗಣೆ ಹತ್ತದ ಹಾಗೆ ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಳ್ಳುತ್ತೇವೆ. ನನ್ನನ್ನು ಕಾಯಿ ಒಣಗಿಸುವ ಕೊಟ್ಟಿಗೆಗೆ ಹಾಕಿದ್ದಾರೆ. ಹಸಿ ಕಾಯಿಯನ್ನು ತಟ್ಟಿಯ ಮೇಲೆ ಹರಡಿ, ಕೆಳಗೆ ಕೆಂಡ ಇಟ್ಟು, ಉರಿ ಏಳದಂತೆ ಕಾಯುವುದು. ಕೂತು ಮಾಡುವ ಕೆಲಸ.

ಹಗಲೆಲ್ಲ ಏನೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಮಾತ್ರ ಯಾರೋ ಎದೆಯ ಮೇಲೆ ಬೀಸುಕಲ್ಲು ಇಟ್ಟ ಹಾಗಾಗುತ್ತದೆ. ಕೈ ನಡುಗುತ್ತದೆ. ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಕೂಸು ಹೋದ ಮೇಲೆ ಊರಲ್ಲೂ ಹಾಗೇ ಆಗುತ್ತಿತ್ತು, ನಿನಗೆ ಹೇಳಿರಲಿಲ್ಲ. ಬೆಟ್ಟ ಹತ್ತಿದರೆ ಬಿಟ್ಟುಹೋಗುತ್ತದೆ ಅಂದುಕೊಂಡೇ ಬಂದದ್ದು. ಅದು ನನಗಿಂತ ಮುಂಚೆ ಹತ್ತಿ ಕೂತಿದೆ.

ನಮ್ಮ ಕನ್ನಡ ಮಾತನ್ನೇ ತಮಿಳು ಅಕ್ಷರದಲ್ಲಿ ಬರೆದಿದ್ದೇನೆ. ಊರಿಗೆ ಬಂದಿರುವ ಹೊಸ ಮೇಷ್ಟ್ರು, ವಾದ್ಯಾರ್ ತಂಗರಾಜ್ ಹತ್ತಿರ ಓದಿಸಿಕೋ. ಅವರಿಗೆ ನಮ್ಮ ಮಾತು ಬಾರದು, ಓದುತ್ತಾರೆ ಅಷ್ಟೆ. ಅದೇ ಒಳ್ಳೆಯದು. ಕಾಗದ ಕೊಡುವುದು ತರುವುದು ಎಲ್ಲ ಕತ್ತೆ ಹೊಡೆಯುವ ಕಾಮರಾಜ್ ನೋಡಿಕೊಳ್ಳುತ್ತಾನೆ.

ಗೋವಿಂದನ್

ಕಾಮಯಗೌಂಡನ್‌ಪಟ್ಟಿ
1893 ನವೆಂಬರ್ 9

ಮಾವನಿಗೆ ಅಳಗು ಕೈಮುಗಿದು ಬರೆಸುವುದು.

ನಾನು ಒಂದು ಮಾತು ಹೇಳಿದರೆ ವಾದ್ಯಾರ್ ಮೂರು ಸಲ ಕೇಳಿ ಬರೆಯುತ್ತಾರೆ. ಇವರ ಮೂಗಿನ ಮೇಲಿರುವ ನರುಳ್ಳಿ ಹಣ್ಣಾದ ಬಾರೆಹಣ್ಣಿನಷ್ಟಿದೆ. ನೋಡಿ, ಅದನ್ನೂ ಭಕ್ತಿಯಿಂದ ಬರೆದರು. ಹಾಗಾಗಿ ಇವರ ತಿಣ್ಣೆಯ ಮೇಲೆ ಕೂತು ನಾನು ಏನು ಬೇಕಾದರೂ ಹೇಳಬಹುದು. ಮನೆಯಲ್ಲಿ ಹೇಳಲಾಗದ್ದು ಇಲ್ಲಿ ಆಗುತ್ತದೆ.

ಎದೆ ಹಿಡಿಯುವುದನ್ನು ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದಿರಲ್ಲ, ನಿಮಗೇನು ಅನ್ನಲಿ? ಗಂಡಸರಿಗೆ ನೋವೂ ಕದ್ದ ಮಾಲಿನ ಹಾಗೆ. ಇರಲಿ. ನನ್ನ ಅಮ್ಮಮ್ಮ ಸೂಲಗಿತ್ತಿ, ನಿಮಗೆ ಗೊತ್ತು. ಹೆರಿಗೆ ನೋವು ಏರಿದಾಗ ಅವಳು ಹೆಂಗಸರಿಗೆ ಹೇಳುತ್ತಿದ್ದಳು: "ಇಲ್ಲಿರ್ಬೇಡ ತಾಯೀ, ತವರಿಗೆ ಹೋಗ್ಬಿಟ್ಟು ಬಾ." ಕಣ್ಣು ಮುಚ್ಚಿಸಿ, ತವರಿನ ದಾರಿ ಹಿಡಿಸಿ, ಎದುರಾಗುವ ಮರ, ಕಲ್ಲು, ಬಾವಿ ಒಂದೊಂದನ್ನೂ ಬಾಯಿಂದ ಹೇಳಿಸುತ್ತಿದ್ದಳು. ಮೈ ಇಲ್ಲಿ ನೋಯುತ್ತಿದ್ದರೂ ಮನಸ್ಸು ಅಲ್ಲಿ ನೆರಳಲ್ಲಿ ಕೂತಿರುತ್ತಿತ್ತು. ಕೂಸನ್ನು ಹೆರುವಾಗ ನಾನೂ ಹಾಗೇ ಹೋಗಿದ್ದೆ, ಚಿನ್ನಮನೂರಿನ ದಾರಿಯಲ್ಲಿ.

ನೀವೂ ಹಾಗೇ ಮಾಡಿ. ಮುಚ್ಚಂಜೆಗೆ ಕೆಂಡ ಸರಿಮಾಡಿ ಗೋಡೆಗೊರಗಿ ಕೂತು ಕಣ್ಣು ಮುಚ್ಚಿ. ಸೀದಾ ಮನೆಗೆ ನುಗ್ಗಬೇಡಿ, ನೀವು ನುಗ್ಗುವ ಜಾತಿ. ಊರಾಚೆ ಹುಣಸೆ ಮರದ ಹತ್ತಿರ ನಿಲ್ಲಿ. ಹಸುಗಳನ್ನು ಹೆಸರು ಹಿಡಿದು ಕರೆಯಿರಿ. ಮೊದಲು ಕೆಂಪಿ, ಇಲ್ಲದಿದ್ದರೆ ಮುನಿಸಿಕೊಳ್ಳುತ್ತಾಳೆ. ಆಮೇಲೆ ಕಾರಿ, ಚುಕ್ಕಿ, ಕೊನೆಗೆ ಆ ಸೋಮಾರಿ ಕುಳ್ಳಿ. ಒಬ್ಬಳು ಬಂದು ನಿಮ್ಮ ಕೈ ಮೂಸುವ ತನಕ ಇನ್ನೊಬ್ಬಳನ್ನು ಕರೆಯಬಾರದು. ಎಲ್ಲರೂ ಬಂದ ಮೇಲೆ ದೊಡ್ಡಿಗೆ ನಡೆಸಿ, ಬಾಗಿಲಿನ ತಡಿಕೆ ತೆಗೆದು ಒಳಗೆ ಬಿಡಿ. ತೊಟ್ಟಿಯಲ್ಲಿ ನೀರು ಕುಡಿಯುವ ಸದ್ದು ಕೇಳಿ. ಗೂಟಕ್ಕೆ ಕಟ್ಟಿ. ಕಾಲು ತೊಳೆದು ಜಗಲಿಗೆ ಬಂದು ಕೂತುಕೊಳ್ಳಿ. ಅಷ್ಟರಲ್ಲಿ ಎದೆಯ ಕಲ್ಲು ಇಳಿದಿರುತ್ತದೆ.

ಅತ್ತೆ ಚೆನ್ನಾಗಿದ್ದಾರೆ. ಮನೆಯಲ್ಲಿ ನಾವು ಹೆಚ್ಚು ಮಾತಾಡುವುದಿಲ್ಲ. ಏನು ಮಾತಾಡಿದರೂ ಕೂಸಿನ ಹೆಸರಿನ ಹತ್ತಿರ ಹೋಗಿ ನಿಲ್ಲುತ್ತದೆ, ವರ್ಷದ ಎಡೆ ಇಡುವ ತನಕ ಆ ಹೆಸರು ಮನೆಯಲ್ಲಿ ಎತ್ತುವ ಹಾಗಿಲ್ಲವಲ್ಲ. ಆಡಿ ತಿಂಗಳಿಗೆ ನೀವು ಬಂದು ಬಾಗಿಲಲ್ಲಿ ನಿಂತು ಕೂಸನ್ನು ಹೆಸರು ಹಿಡಿದು ಕರೆದರೆ ಬಿಡುಗಡೆ.

ಅಳಗಮ್ಮಾಳ್

ಏಲಕ್ಕಿ ತೋಟ
1893 ಡಿಸೆಂಬರ್ 2

ಅಳಗೂ,

ನಿನ್ನ ವೈದ್ಯ ಮಾಡಿ ನೋಡಿದೆ. ಮೊದಲ ದಿನ ಕೆಂಪಿ ಬಂದಳು, ಕಾರಿ ಬಂದಳು, ಚುಕ್ಕಿಯೂ ಬಂದಳು. ಕುಳ್ಳಿ ಬರಲೇ ಇಲ್ಲ. ಅವಳನ್ನು ಹುಡುಕಿಕೊಂಡು ಹೊಳೆಯ ತನಕ ಹೋದೆ. ಅಲ್ಲಿ ಯಾರದೋ ಜೋಳದ ಹೊಲಕ್ಕೆ ನುಗ್ಗಿದ್ದಳು, ಹೊಲದವನ ಜೊತೆ ಜಗಳವೂ ಆಯಿತು. ಕಣ್ಣು ಬಿಟ್ಟರೆ ಎದುರಿಗೆ ನಿಜವಾದ ಮೇಸ್ತ್ರಿ ನಿಂತು ಬೈಯುತ್ತಿದ್ದ, ಕೆಂಡ ಆರಿಹೋಗಿತ್ತು. ಚೆನ್ನಾಗಿದೆ ನಿನ್ನ ಅಮ್ಮಮ್ಮನ ವಿದ್ಯೆ ಅಂದುಕೊಂಡೆ.

ಕಾಮರಾಜ್ ಮಳೆಗೆ ತಡಮಾಡಿದ, ಇಷ್ಟು ಬರೆದ ಕಾಗದ ಇಲ್ಲೇ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು, ಈಗ ಬೇರೆ ಸಂಗತಿ ಬರೆಯಬಹುದು. ದಿನಾ ಕೂತೆ. ಈಗ ಕುಳ್ಳಿಯೂ ಕರೆದ ಕೂಡಲೇ ಬರುತ್ತಾಳೆ. ಹುಣಸೆ ಮರದಡಿ ಒಣಗಿದ ಎಲೆ ಕಾಲಿಗೆ ಸಿಕ್ಕುವುದು ಗೊತ್ತಾಗುತ್ತದೆ. ಸಗಣಿ, ಸೌದೆ ಹೊಗೆ, ನೀರು ಬಿದ್ದ ಮಣ್ಣು, ಎಲ್ಲದರ ವಾಸನೆ ಬರುತ್ತದೆ. ತಡಿಕೆ ತೆಗೆಯುವ ಕಷ್ಟವೂ ಇಲ್ಲ, ನಾನು ಹೋಗುವಷ್ಟರಲ್ಲಿ ತೆಗೆದೇ ಇರುತ್ತದೆ. ಜಗಲಿಯಲ್ಲಿ ಕೂತರೆ ಎಷ್ಟು ನೆಮ್ಮದಿ ಅಂತೀ! ಕೈ ನಡುಗುವುದು ನಿಂತಿದೆ. ಹೊಟ್ಟೆ ತುಂಬ ಉಣ್ಣುತ್ತೇನೆ. ನೀನು ನನ್ನನ್ನು ಉಳಿಸಿದೆ ಕಣೇ.

ಗೋವಿಂದನ್

ಕಾಮಯಗೌಂಡನ್‌ಪಟ್ಟಿ
1893 ಡಿಸೆಂಬರ್ 24, ಮಾರ್ಗಳಿ

ಮಾವನಿಗೆ ಅಳಗು ಬರೆಸುವುದು.

ಕಾಗದ ಓದಿಸಿಕೊಂಡು ನಕ್ಕೆ. ನಾನು ನಕ್ಕದ್ದು ನೋಡಿ ವಾದ್ಯಾರಿಗೆ ಸಂಶಯ, ತಮ್ಮ ಮೂಗು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗಾಯಿತು.

ಅಲ್ಲಿ ತಡಿಕೆ ತಾನಾಗಿ ತೆಗೆದಿರುತ್ತದೆಯಾ? ನಿಮ್ಮ ಭಾಗ್ಯ. ಇಲ್ಲಿ ನಾನೇ ತೆಗೆಯಬೇಕು. ಕಟ್ಟು ಸಡಿಲವಾಗಿ ನೆಲಕ್ಕೆ ಉಜ್ಜುತ್ತದೆ, ಎತ್ತಿ ಎತ್ತಿ ತೋಳು ನೋಯುತ್ತದೆ. ಪೊಂಗಲ್‌ಗೆ ಬಂದಾಗ ಸರಿಮಾಡಿ. ಕೊಯ್ಲು ಮುಗಿದು ತೋಟದವರೆಲ್ಲ ತೈ ತಿಂಗಳು ಹುಟ್ಟುವ ಮೊದಲೇ ಇಳಿಯುತ್ತಾರಂತೆ, ಕಾಮರಾಜ್ ಹೇಳಿದ. ಗೋಡೆಗೆ ಸುಣ್ಣ ಬಳಿದಿದ್ದೇನೆ. ಅತ್ತೆ ನಿಮಗಾಗಿ ಹುರುಳಿ ಎತ್ತಿಟ್ಟಿದ್ದಾರೆ. ನಾಲ್ಕು ಏಲಕ್ಕಿ ಕಾಯಿ ಪಂಚೆಯ ಚುಂಗಿಗೆ ಕಟ್ಟಿ ತನ್ನಿ, ಸಾಕು. ಬೇರೆ ಏನೂ ಬೇಡ.

ಸಂಜೆ ಹೊತ್ತು ಇಲ್ಲೂ ಚೆನ್ನಾಗಿರುವುದಿಲ್ಲ. ಅದನ್ನು ಬಂದ ಮೇಲೆ ಹೇಳುತ್ತೇನೆ.

ಅಳಗಮ್ಮಾಳ್

ಏಲಕ್ಕಿ ತೋಟ
1894 ಫೆಬ್ರವರಿ 6

ಅಳಗೂ,

ಪೊಂಗಲ್‌ಗೆ ಬರಲಾಗಲಿಲ್ಲ. ಎಲ್ಲರೂ ಇಳಿದರು. ಯಜಮಾನರಿಗೆ ಕಾವಲಿಗೆ ಒಬ್ಬ ಬೇಕಿತ್ತು, ನಾನು ಉಳಿದೆ. ಯಾರೂ ಬಲವಂತ ಮಾಡಲಿಲ್ಲ, ನಿನಗೆ ಸುಳ್ಳು ಹೇಳಬಾರದು. ಬೇಜಾರು ಮಾಡಿಕೊಳ್ಳಬೇಡ. ನಾನೀಗ ಬಹಳ ಶಾಂತವಾಗಿದ್ದೇನೆ. ಇಡೀ ಬೆಟ್ಟದಲ್ಲಿ ನಾನೊಬ್ಬನೇ. ಮಂಜು ಇಳಿದರೆ ಹತ್ತು ಅಡಿ ಆಚೆಗೆ ಏನಿದೆ ಅಂತ ಕಾಣುವುದಿಲ್ಲ. ಮೊದಲಾಗಿದ್ದರೆ ಹೆದರಿ ಸಾಯುತ್ತಿದ್ದೆ. ಈಗ ಸಂಜೆ ಯಾವಾಗ ಆದೀತು ಅಂತ ಕಾಯುತ್ತೇನೆ.

ನೀನು ಕಲಿಸಿದ್ದು ಎಷ್ಟು ದೊಡ್ಡದು ಅಂತ ನಿನಗೇ ಗೊತ್ತಿಲ್ಲ. ನಾನು ಬರಲಿಲ್ಲ ಅಂತ ಯಾಕೆ ಅಂದುಕೊಳ್ಳುತ್ತೀ? ದಿನಾ ಮನೆಗೆ ಬರುತ್ತಿದ್ದೇನಲ್ಲ.

ಗೋವಿಂದನ್

ಕಾಮಯಗೌಂಡನ್‌ಪಟ್ಟಿ
1894 ಮಾರ್ಚ್ 3

ಮಾವನಿಗೆ.

ದಿನಾ ಬರುತ್ತೀರಾ? ನನಗೆ ಕಾಣಲೇ ಇಲ್ಲವಲ್ಲ! ದೀಪ ಹಚ್ಚಿಟ್ಟು ಜಗಲಿಯಲ್ಲಿ ನಾನೂ ಕೂತಿರುತ್ತೇನೆ. ಅತ್ತೆ ಒಂದು ಮೂಲೆ, ನಾನು ಒಂದು ಮೂಲೆ. ನಡುವೆ ಬೆಕ್ಕು ಓಡಾಡುತ್ತದೆ. ನೀವು ಯಾವ ಕಡೆಯಿಂದ ಬಂದಿರೋ, ಯಾರ ಕೈಯ ನೀರು ಕುಡಿದಿರೋ!

ಪಕ್ಕದ ಮನೆಯ ವೆಳ್ಳೈಯಮ್ಮಾಳ್ ಗಂಡನೂ ನಿಮ್ಮ ತೋಟದಿಂದಲೇ ಇಳಿದು ಬಂದ. ಅವಳು ಹೊಸ ಬಳೆ ಗಲಗಲಿಸಿಕೊಂಡು ಬಾವಿಗೆ ಬಂದು ಕೇಳುತ್ತಾಳೆ: "ನಿಮ್ಮೋರು ಬರ್ಲಿಲ್ವಾ ಅಳಗಕ್ಕಾ? ಯಾಕಂತೆ?" ಏನು ಹೇಳಲಿ? ಕಣ್ಣು ಮುಚ್ಚಿ ಬಂದು ಹೋಗ್ತಾರೆ ಕಣವ್ವಾ ಅನ್ನಲಾ? ಅವಳ ಗಂಡ ಇನ್ನೊಂದೂ ಹೇಳಿದ. ಮಾರ್ಗಳಿ ಕೊನೆಗೆ, ಎಲ್ಲರೂ ಇಳಿಯುವ ಹೊತ್ತಿಗೆ, ನೀವು ಜ್ವರ ಬಂದು ಮಲಗಿದ್ದಿರಂತೆ. ಅವರೆಲ್ಲ ಹೊತ್ತುಕೊಂಡು ಇಳಿಸುತ್ತೇವೆ ಅಂದರೂ ಒಲ್ಲೆ ಅಂದಿರಂತೆ. ಅದನ್ನು ಬರೆಯಲು ಮಸಿ ಸಾಲಲಿಲ್ಲವಾ? ದೂರದ ಬೆಟ್ಟ ನುಣ್ಣಗೆ ಅಂತಾರೆ. ಜಗಲಿಯಿಂದ ನೋಡಿದರೆ ನಿಮ್ಮ ಬೆಟ್ಟ ನನಗೆ ದಿನಾ ಕಾಣುತ್ತದೆ, ಒಂದು ದಿನವೂ ನುಣ್ಣಗೆ ಕಾಣಲಿಲ್ಲ.

ನನಗೆ ಆ ವಿದ್ಯೆ ಈಗ ಬರುವುದಿಲ್ಲ ಮಾವ. ಮಾಡಿ ನೋಡಿದೆ. ನೀವು ಬೆಟ್ಟದಲ್ಲಿದ್ದೀರಿ, ಕಣ್ಣು ಮುಚ್ಚಿ ಮನೆಗೆ ಬರುತ್ತೀರಿ. ಮನೆಯಲ್ಲೇ ಇರುವವಳು ಕಣ್ಣು ಮುಚ್ಚಿ ಎಲ್ಲಿಗೆ ಹೋಗಲಿ?

ಒಂದೇ ಒಂದು ಕೇಳುತ್ತೇನೆ, ನಿಜ ಹೇಳಿ. ನೀವು ದಿನಾ ಬರುವ ಆ ಮನೆಯಲ್ಲಿ ನಾನು ಎಲ್ಲಿದ್ದೇನೆ? ಹಸುಗಳ ಹೆಸರೆಲ್ಲ ಬರೆದಿರಿ. ಹುಣಸೆ ಎಲೆಯನ್ನೂ ಬಿಡಲಿಲ್ಲ. ನನ್ನ ಹೆಸರು ಒಂದು ಸಲವೂ ಬರಲಿಲ್ಲ.

ಅಳಗಮ್ಮಾಳ್

ಕಾಮಯಗೌಂಡನ್‌ಪಟ್ಟಿ
1894 ಮೇ 11

ಮಾವನಿಗೆ.

ಚಿತ್ತಿರೈ ತಿಂಗಳೂ ಮುಗಿಯುತ್ತ ಬಂತು. ಹೊಸ ವರ್ಷಕ್ಕೆ ಜಯ ಅಂತ ಹೆಸರಂತೆ. ನಿಮ್ಮಿಂದ ಕಾಗದವಿಲ್ಲ. ಕಾಮರಾಜನನ್ನು ಕೇಳಿದರೆ, "ಅಣ್ಣ ಇದ್ದಾರಕ್ಕಾ, ಚೆನ್ನಾಗೇ ಇದ್ದಾರೆ, ಕಾಗದ ಕೊಡೀಂದ್ರೆ ಆಮೇಲೆ ಅಂತಾರೆ" ಅಂದ. ನಾನು ಕೇಳಿದ್ದು ಅಷ್ಟು ಕಷ್ಟದ್ದು ಅಂತ ಗೊತ್ತಿರಲಿಲ್ಲ. ಹೇಳದಿದ್ದರೂ ಬೇಡ. ಆಡಿಗೆ ಮಾತ್ರ ಬನ್ನಿ.

ಅಳಗು

ಏಲಕ್ಕಿ ತೋಟ
1894 ಜೂನ್ 15

ಅಳಗೂ,

ಇದನ್ನು ಎಷ್ಟು ಸಲ ಬರೆದು ಕೆಂಡಕ್ಕೆ ಹಾಕಿದೆನೋ.

ನೀನು ಅಡುಗೆಮನೆಯಲ್ಲಿ ಇದ್ದೀಯ. ಒಲೆ ಊದುವ ಸದ್ದು ಕೇಳುತ್ತದೆ, ಬಳೆ ಸದ್ದು ಕೇಳುತ್ತದೆ. ನಾನು ಒಳಗೆ ಬರುವುದಿಲ್ಲ. ಬಂದು ನಿನ್ನ ಮುಖ ನೋಡಿದರೆ ನಡೆದದ್ದೆಲ್ಲ ನನಗೆ ನೆನಪಾಗಿಬಿಡುತ್ತದೆ.

ತಡಿಕೆ ತಾನಾಗಿ ತೆಗೆದಿರುತ್ತದೆ ಅಂತ ಬರೆದಿದ್ದೆ. ತಾನಾಗಿ ಅಲ್ಲ. ಸರಸು ತೆಗೆಯುತ್ತಾಳೆ. ನೀನು ದೊಡ್ಡಿಗೆ ಹೋಗಿ ಅಂತ ಹೇಳಿಕೊಟ್ಟೆ, ಸಂಜೆ ತಡಿಕೆ ತೆಗೆಯುತ್ತಿದ್ದವಳು ಯಾರು ಅನ್ನುವುದನ್ನು ಮಾತ್ರ ಬಿಟ್ಟೆ. ನಾನು ಕರೆಯಲಿಲ್ಲ, ದೇವರಾಣೆ. ಒಂದು ದಿನ ಹಸುಗಳ ಹಿಂದೆ ಹೋಗುತ್ತೇನೆ, ಅವಳು ತಡಿಕೆಗೆ ಜೋತುಬಿದ್ದು ಅದರ ಜೊತೆಯೇ ಹಿಂದಕ್ಕೆ ಸರಿಯುತ್ತಿದ್ದಾಳೆ, ಹಾಗೆ ಮಾಡಬೇಡ ಅಂತ ನೀನು ಬೈಯುತ್ತಿದ್ದೆಯಲ್ಲ, ಹಾಗೇ. "ಅಪ್ಪಾ, ಕುಳ್ಳಿ ಇವತ್ತೂ ಕೊನೆಗೆ ಬಂದ್ಳು" ಅಂದಳು. ಅವತ್ತೇ ನನ್ನ ಕೈ ನಡುಗುವುದು ನಿಂತದ್ದು.

ನೀವಿಬ್ಬರೂ ಅವಳನ್ನು ಮರೆತಿರಿ ಅಂದುಕೊಂಡಿದ್ದೆ. ಹೆಸರು ಎತ್ತಬಾರದು ಅನ್ನುವುದು ಗೊತ್ತು, ಆದರೂ ಅವಳು ಹೋದಂದಿನಿಂದ ಮನೆಯಲ್ಲಿ ಹೊಲ, ಹುರುಳಿ, ಸುಣ್ಣ ಇಷ್ಟೇ ಮಾತು. ನೀನು ಒಂದು ದಿನವೂ ಅಳಲಿಲ್ಲ. ಇವಳ ಎದೆ ಕಲ್ಲು ಅಂದುಕೊಂಡು ಬೆಟ್ಟ ಹತ್ತಿದೆ.

ಆಡಿಗೆ ಬಂದರೆ ಏನು ಮಾಡಬೇಕು? ಬಾಗಿಲಲ್ಲಿ ನಿಂತು ಹೊರಕ್ಕೆ ಮುಖ ಮಾಡಿ ಅವಳನ್ನು ಮೂರು ಸಲ ಕರೆಯಬೇಕು. ಅವಳು ಓಗೊಡುವುದಿಲ್ಲ. ಓಗೊಡಲಿಲ್ಲ ಅಂತ ಎಲ್ಲರೂ ಒಪ್ಪಿಕೊಂಡು ಎಡೆ ಇಡಬೇಕು. ಇಲ್ಲಿ ನಾನು ಕರೆಯದೆಯೇ ದಿನಾ ಬರುವವಳನ್ನು, ಅಲ್ಲಿ ಬಂದು ಕರೆದು ಕಳಕೊಳ್ಳಲಾ? ನನ್ನಿಂದಾಗದು. ನನ್ನನ್ನು ಬಿಟ್ಟುಬಿಡು ಅಳಗೂ.

ಗೋವಿಂದನ್

ಕಾಮಯಗೌಂಡನ್‌ಪಟ್ಟಿ
1894 ಜುಲೈ 4, ಆನಿ

ಮಾವನಿಗೆ ಅಳಗು ಬರೆಸುವುದು.

ವಾದ್ಯಾರ್ ನಿಮ್ಮ ಕಾಗದ ಎಂದಿನ ಹಾಗೆ ಜೋರಾಗಿ, ಏನೂ ಗೊತ್ತಿಲ್ಲದೆ ಓದುತ್ತಿದ್ದರು. ನಡುವೆ ಆ ಹೆಸರು ಬಂತು. ಅದೊಂದು ಅವರಿಗೂ ಗೊತ್ತಾಯಿತು. ನಿಲ್ಲಿಸಿ ನನ್ನ ಮುಖ ನೋಡಿ ಕೇಳಿದರು: "ಯಾರಮ್ಮಾ ಸರಸು?" ಒಂದು ವರ್ಷದಿಂದ ಯಾರ ಬಾಯಲ್ಲೂ ಕೇಳದ ಹೆಸರನ್ನು ಯಾರೋ ಮೂರನೆಯವರ ಬಾಯಲ್ಲಿ ಕೇಳಬೇಕಾಯಿತು. ತಿಣ್ಣೆಯ ಕಂಬ ಹಿಡಿದುಕೊಂಡು ಕೂತೆ. ಅವರ ಹೆಂಡತಿ ಬಂದು ನೀರು ಕೊಟ್ಟಳು. ಉಳಿದರ್ಧ ಕಾಗದವನ್ನು ಮಾರನೆಯ ದಿನ ಓದಿಸಿಕೊಂಡೆ.

ಎದೆ ಕಲ್ಲು ಅಂದಿರಿ. ಸರಿ. ನೀವು ದೊಡ್ಡಿಯ ಕಡೆ ನೋಡಿಕೊಂಡು ಕೂತಿರುತ್ತಿದ್ದಿರಿ, ನಾನು ಅತ್ತರೆ ನೀವು ಒಡೆದುಹೋಗುತ್ತೀರಿ ಅಂತ ಒಲೆಯ ಮುಂದೆ ಕೂತು ಹೊಗೆ ಅಂತ ಹೇಳಿ ಕಣ್ಣೊರೆಸಿಕೊಂಡೆ. ನೀವು ಏನೂ ಆಗದವರ ಹಾಗೆ ಮೂಟೆ ಕಟ್ಟಿ ಹೊರಟಾಗ, ಇವರೇ ಮರೆತರು ಅಂತ ನಾನೂ ಅಂದುಕೊಂಡೆ. ಚೆನ್ನಾಗಿದೆ ನಮ್ಮ ಸಂಸಾರ.

ಅವಳು ನಿಮಗೆ ಕಾಣುತ್ತಾಳೆ ಅಂದಾಗ ನನಗೆ ಏನಾಯಿತು ಗೊತ್ತಾ? ಹೊಟ್ಟೆಕಿಚ್ಚು. ಹೆತ್ತವಳು ನಾನು. ನನಗೆ ಕನಸಲ್ಲೂ ಬಾರದವಳು ನಿಮಗೆ ದಿನಾ ಬಂದು ಮಾತಾಡುತ್ತಾಳೆ. ಏನು ಉಟ್ಟಿರುತ್ತಾಳೆ? ತಲೆ ಬಾಚಿರುತ್ತಾಳಾ? ನನ್ನನ್ನು ಕೇಳುತ್ತಾಳಾ? ಇದನ್ನೆಲ್ಲ ಒಂದು ಸಲವಾದರೂ ಬರೆಯಬೇಕು ಅಂತ ನಿಮಗೆ ಅನ್ನಿಸಲಿಲ್ಲವಲ್ಲ ಮಾವ.

ಆದರೂ ಕೇಳಿ. ನಿಮಗೆ ಅವಳು ಸಿಕ್ಕಿದ್ದಾಳೆ, ನನಗೆ ಅವಳ ಹೆಸರೂ ಇಲ್ಲ. ನೀವು ಬಂದು ಕರೆಯದಿದ್ದರೆ ಎಡೆ ಇಲ್ಲ, ಎಡೆ ಇಲ್ಲದಿದ್ದರೆ ಮುಂದಿನ ಆಡಿಯ ತನಕ ಮತ್ತೆ ಬಾಯಿ ಕಟ್ಟು. ಇನ್ನೊಂದು ವರ್ಷ ಈ ಮನೆಯಲ್ಲಿ ಹೀಗೆ ಇರಲು ನನ್ನಿಂದಾಗದು. ಆಡಿ ಅಮಾವಾಸ್ಯೆಗೆ ಬನ್ನಿ. ಕರೆದು, ಬೇಕಾದರೆ ಮಾರನೆಯ ದಿನವೇ ಹತ್ತಿಹೋಗಿ. ಅಡ್ಡ ಬರುವುದಿಲ್ಲ. ನಿಮ್ಮ ಕಾಲು ಹಿಡಿದು ಕೇಳುತ್ತಿದ್ದೇನೆ.

ಅಳಗು

ಕಾಮಯಗೌಂಡನ್‌ಪಟ್ಟಿ
1894 ಆಗಸ್ಟ್ 6

ಮಾವನಿಗೆ.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ಅಡುಗೆ ಮಾಡಿದೆ. ಅವಳಿಗೆ ಇಷ್ಟ ಅಂತ ಸಜ್ಜೆ ಹಿಟ್ಟಿಗೆ ಬೆಲ್ಲ ಹಾಕಿ ಉಂಡೆ ಕಟ್ಟಿದೆ. ಅತ್ತೆ ಬಾಗಿಲು ಸಾರಿಸಿ ಎಡೆಯ ಎಲೆ ಹಾಸಿದರು. ಹೊತ್ತು ಇಳಿಯಿತು. ದಾರಿಯಲ್ಲಿ ಕತ್ತೆಗಳ ಗಂಟೆ ಕೇಳಿ ನಾನು ಓಡಿದೆ. ಕಾಮರಾಜ್ ಒಬ್ಬನೇ. ನನ್ನ ಮುಖ ನೋಡಲಾರದೆ ಕತ್ತೆಯ ಹಗ್ಗ ಬಿಗಿಮಾಡುತ್ತ ಹೇಳಿದ: "ಅಣ್ಣ ಬರಲ್ಲ ಅಕ್ಕಾ. ಅರ್ಧ ದಾರಿ ತಂಕ ಬಂದ್ರು. ಆಮೇಲೆ ಆಗಲ್ಲ ಅಂತ ಹೇಳು ಅಂದ್ಬಿಟ್ಟು ತಿರುಗಿ ಹೋದ್ರು."

ಅರ್ಧ ದಾರಿ ಬಂದಿರಲ್ಲ. ಅದನ್ನು ಮರೆಯುವುದಿಲ್ಲ.

ಅತ್ತೆ ಎಲೆ ಮಡಚಲು ಕೂತರು. "ಎತ್ತಿಡಡೀ. ಬರೋ ಆಡಿಗೆ ಆಗ್ಲಿ. ಏನ್ ಮಾಡೋದು, ನಮ್ ಹಣೇಬರ."

"ನಾನು ಕರೀತೀನಿ ಅತ್ತೇ" ಅಂದೆ.

"ಐಯೋ, ಹುಚ್ಚಾ ನಿಂಗೆ? ಹೆಂಗಸು ಕರೆಯೋ ವಾಡಿಕೆ ನಮ್ ಕುಲದಲ್ಲಿಲ್ಲ. ಹೆಸರಿಟ್ಟೋನು ಕರೀಬೇಕು."

"ಹೆತ್ತಿದ್ದು ಕುಲ ಅಲ್ಲ. ನಾನು."

ಎಂದೂ ಎದುರಾಡದವಳು ಹೀಗಂದೆನಲ್ಲ ಅಂತ ನನಗೇ ಹೆದರಿಕೆಯಾಯಿತು. ಬಾಗಿಲಿಗೆ ಹೋಗಿ ನಿಂತೆ. ಮೊದಲ ಸಲ ಬಾಯಿ ತೆಗೆದರೆ ಗಾಳಿ ಮಾತ್ರ ಬಂತು. ಎರಡನೆಯ ಸಲ ಕರೆದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು, ದೊಡ್ಡಿಯಲ್ಲಿ ಹಸುಗಳು ತಲೆಯೆತ್ತಿ ನೋಡಿದವು. ಮೂರನೆಯ ಸಲ ಕರೆಯುವಾಗ ಪಕ್ಕದಲ್ಲಿ ಇನ್ನೊಂದು ದನಿ. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಬಂದವರು ಸೆರಗು ತೆಗೆದು, "ಸರಸೂ, ನನ್ ಕಂದಾ, ಬಾರೇ" ಅಂತ ಬೀದಿಗೆ ಕೇಳುವ ಹಾಗೆ ಕೂಗಿದರು.

ಉತ್ತರ ಬರಲಿಲ್ಲ ಮಾವ. ಬರುವುದಿಲ್ಲ ಅಂತ ಗೊತ್ತಿದ್ದೂ ಕಿವಿ ಕೊಟ್ಟು ನಿಂತಿದ್ದೆ. ವೆಳ್ಳೈಯಮ್ಮಾಳ್ ಬಂದು ನನ್ನನ್ನು ಹಿಡಿದುಕೊಂಡಳು. ಆಮೇಲೆ ನನಗೆ ಅಳು ಬಂತು, ವರ್ಷದ ಅಳು. ಅತ್ತೂ ಅತ್ತೂ ಸಾಕಾಗಿ ಎಡೆ ಇಟ್ಟು ಊಟಕ್ಕೆ ಕೂತೆವು. ಅತ್ತೆಗೆ ಅವಳ ಕಥೆ ಎಷ್ಟು ಗೊತ್ತಿದೆ ಅಂತೀರಿ! ನಾನು ಬಟ್ಟೆ ಒಗೆಯಲು ಹೋದಾಗ ಇಬ್ಬರೂ ಬೆಲ್ಲದ ಮಡಕೆಗೆ ಕೈ ಹಾಕುತ್ತಿದ್ದರಂತೆ, ತಪ್ಪನ್ನು ಬೆಕ್ಕಿನ ಮೇಲೆ ಹೊರಿಸುತ್ತಿದ್ದರಂತೆ. ನಾನು ಎಷ್ಟು ಸಲ ಆ ಬೆಕ್ಕಿಗೆ ಹೊಡೆದಿದ್ದೇನೆ! ನಾವಿಬ್ಬರೂ ನಕ್ಕೆವು. ಅವಳ ಹೆಸರನ್ನು ಎಷ್ಟು ಸಲ ಹೇಳಿದೆವೋ. ಈಗ ಮನೆಯಲ್ಲಿ ಎರಡು ಮೂಲೆ ಇಲ್ಲ, ಒಂದೇ ಒಲೆಯ ಮುಂದೆ ಕೂರುತ್ತೇವೆ.

ಇನ್ನು ನಿಮ್ಮನ್ನು ಕರೆಯುವುದಿಲ್ಲ. ಕರೆಯುವುದನ್ನೆಲ್ಲ ಅವತ್ತೇ ಕರೆದು ಮುಗಿಸಿದೆ. ನಿಮ್ಮ ಆ ಮನೆಯಲ್ಲಿ ಸರಸು ಇದ್ದರೆ ಇರಲಿ, ಕಳಿಸಿಬಿಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಡುಗೆಮನೆಯಲ್ಲಿ ಒಲೆ ಊದುವವಳು ಮಾತ್ರ ನಾನಲ್ಲ. ಅವಳು ಯಾರೋ. ನಾನು ಇಲ್ಲಿದ್ದೇನೆ, ಕಾಮಯಗೌಂಡನ್‌ಪಟ್ಟಿಯಲ್ಲಿ.

ಅಳಗಮ್ಮಾಳ್

ಏಲಕ್ಕಿ ತೋಟ
1894 ಆಗಸ್ಟ್ 19, ಆವಣಿ

ಅಳಗೂ,

ಕಾಗದ ಬಂತು. ಓದಿ ಮಡಚಿ ಇಟ್ಟೆ. ಸಂಜೆ ಎಂದಿನ ಹಾಗೆ ಗೋಡೆಗೊರಗಿ ಕಣ್ಣು ಮುಚ್ಚಿದೆ. ಹಸುಗಳೆಲ್ಲ ಬಂದವು. ಸರಸು ತಡಿಕೆ ತೆಗೆದಳು. ನೀನು ಕೇಳಿದ್ದೆಯಲ್ಲ, ಕೆಂಪು ಪಾವಾಡೆ, ಅದೇ ಆ ಲಂಗ, ಉಟ್ಟಿರುತ್ತಾಳೆ, ತಲೆ ಬಾಚಿರುವುದಿಲ್ಲ. ನಿನ್ನನ್ನು ಒಂದು ದಿನವೂ ಕೇಳಿಲ್ಲ. ಅಮ್ಮನನ್ನು ಕೇಳದೆ ಒಂದು ಗಳಿಗೆ ಇರುತ್ತಿದ್ದವಳಾ ಅವಳು? ಅದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಜಗಲಿಯಲ್ಲಿ ಕೂರಲಿಲ್ಲ. ಮೊದಲ ಸಲ ಅಡುಗೆಮನೆಗೆ ಹೋದೆ. ಒಲೆ ಉರಿಯುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಹೆದರಿ ಕಣ್ಣು ಬಿಟ್ಟೆ. ಅವತ್ತಿನಿಂದ ಮತ್ತೆ ಕೂತಿಲ್ಲ. ಸಂಜೆಯಾದರೆ ಕೈ ನಡುಗುತ್ತದೆ. ನಡುಗಲಿ.

ಇವತ್ತು ಇಳಿಯುವವರ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಕೊಟ್ಟಿಗೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ನಾನೂ ಹಿಂದೆಯೇ ಹೊರಡುತ್ತೇನೆ. ಈ ಸಲ ಅರ್ಧ ದಾರಿಗೆ ತಿರುಗುವುದಿಲ್ಲ. ಅವ್ವನಿಗೆ ಹೇಳು. ನಾನು ಬಂದು ಬಾಗಿಲಲ್ಲಿ ನಿಂತಾಗ ನೀನು ಬೈಯಬೇಡ, ನೀರೂ ಕೊಡಬೇಡ, ಹೇಗಿದ್ದೀರಿ ಅಂತಲೂ ಕೇಳಬೇಡ. ಮೊದಲು ಅವಳ ಹೆಸರು ಹೇಳು. ನಿನ್ನ ಬಾಯಲ್ಲಿ ಕೇಳಿಕೊಂಡೇ ನಾನು ಒಳಗೆ ಬರಬೇಕು.

ಗೋವಿಂದನ್